ಮೂರು ಗುಂಟೆ ಬೇಲಿ

ಚಿಟ್ಟೆಗಾಗಿ, ಹಕ್ಕಿಗಾಗಿ ಊರಿನ ಗಿಡಗಳನ್ನು ಬೆಳೆಸಿ ಎಂದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಹೇಳಿದರೆ ಜನ ನಗುತ್ತಾರೆ. ಕಣ್ಣು ಹಾಯಿಸಿದಷ್ಟೂ ತೆಂಗು ನಿಂತಿರುವಾಗ ಇನ್ನೆಂಥ ಹಸಿರು? ಬೆಂಗಳೂರಿನ ತಾರಸಿಯವರಿಗೆ ಹೇಳುವ ಬುದ್ಧಿಯನ್ನು ತೋಟದವರಿಗೆ ಯಾಕೆ ಹೇಳುತ್ತೀರಿ ಎಂಬುದು ಆ ನಗುವಿನ ಅರ್ಥ. ಒಪ್ಪಬಹುದಾದ ನಗುವೇ. ಗೀಜಗ ತೆಂಗಿನ ಗರಿಗೆ ಗೂಡು ಜೋತುಬಿಡುತ್ತದೆ, ಹೊಂಬಾಳೆಗೆ ವರ್ಷವಿಡೀ ಜೇನು ಮುತ್ತುತ್ತದೆ, ಸುಳಿಯ ಸಂದಿನಲ್ಲಿ ಅಳಿಲು ಸಂಸಾರ ಹೂಡುತ್ತದೆ. ಆದರೂ ಒಂದೇ ಜಾತಿಯ ಮರ ಎಲ್ಲರಿಗೂ ಊಟ ಹಾಕಲಾರದು. ಮಿಕ್ಕ ಜೀವಗಳನ್ನು ಈ ಸೀಮೆಯಲ್ಲಿ ಇಷ್ಟು ಕಾಲ ಸಾಕಿದ್ದು ತೋಟವಲ್ಲ, ತೋಟದ ಬೇಲಿ.

ಲಕ್ಕಿ, ಬಂದರಿಕೆ, ತಂಗಡಿ, ಕಾರೆ, ಕಳ್ಳಿ, ನಡುನಡುವೆ ಹೊಂಗೆ, ಬೇವು, ಜಾಲಿ. ಅವುಗಳ ಮೇಲೆ ಹಬ್ಬಿದ ಕಾಡುತೊಂಡೆ, ಅಮೃತಬಳ್ಳಿ, ಈಶ್ವರಿ ಬಳ್ಳಿ. ಇದನ್ನು ಯಾರೂ ಪರಿಸರ ಉಳಿಸಲೆಂದು ನೆಟ್ಟದ್ದಲ್ಲ. ಲಕ್ಕಿ, ಬಂದರಿಕೆಗೆ ದನ ಬಾಯಿ ಹಾಕುವುದಿಲ್ಲ, ಕಾರೆಯ ಮುಳ್ಳಿಗೆ ಆಡು ಹೆದರುತ್ತದೆ, ಹೊಂಗೆಸೊಪ್ಪು ತೆಂಗಿನ ಪಾತಿಗೆ ಗೊಬ್ಬರ. ಲೆಕ್ಕಾಚಾರ ಅಷ್ಟೇ ಇತ್ತು. ಆ ಲೆಕ್ಕಾಚಾರದ ನೆರಳಲ್ಲೇ ಬೇರೆಯವರೂ ಬದುಕಿಕೊಂಡರು.

ಚಿಟ್ಟೆ ಹೂವು ಇದ್ದರೆ ಬರುತ್ತದೆ ಎಂದು ನಾವು ತಿಳಿದಿದ್ದೇವೆ. ಮಕರಂದ ಹೀರುವ ಚಿಟ್ಟೆಗೆ ಯಾವ ದೇಶದ ಹೂವಾದರೂ ನಡೆಯುತ್ತದೆ; ಅದರ ಹುಳುವಿಗೆ ನಡೆಯುವುದಿಲ್ಲ. ಪ್ಲೇನ್ ಟೈಗರ್ ಚಿಟ್ಟೆಯ ಮರಿಗೆ ಎಕ್ಕದ ಜಾತಿಯ ಹಾಲುಗಿಡವೇ ಬೇಕು, ಕ್ರಿಮ್ಸನ್ ರೋಸ್‌ಗೆ ಈಶ್ವರಿ ಬಳ್ಳಿಯೋ ಅದರ ದಾಯಾದಿಯೋ ಬೇಕು, ಎಮಿಗ್ರಂಟ್ ಚಿಟ್ಟೆ ತಂಗಡಿಯಂಥ ಗಿಡ ಹುಡುಕಿ ಮೊಟ್ಟೆ ಇಡುತ್ತದೆ. ಎಲೆಯೊಳಗಿನ ವಿಷವನ್ನು ಅರಗಿಸಿಕೊಳ್ಳಲು ಸಾವಿರಾರು ತಲೆಮಾರು ಕಲಿತ ಹುಳು ನಿನ್ನೆ ನರ್ಸರಿಯಿಂದ ಬಂದ ಕ್ರೋಟನ್ ಎಲೆಗೆ ಬಾಯಿ ಹಾಕದು. ಹುಳು ಇಲ್ಲದ ಕಡೆ ಹಕ್ಕಿ ಮರಿಗೆ ತುತ್ತೂ ಇಲ್ಲ. ಕಾಳು ತಿನ್ನುವ ಗುಬ್ಬಿ, ಗೀಜಗಗಳು ಕೂಡ ಮರಿಗಳಿಗೆ ಮೊದಲ ದಿನಗಳಲ್ಲಿ ಉಣಿಸುವುದು ಹುಳುವನ್ನೇ.

ಈ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳುವ ಪ್ರಾಣಿ ಕಾಡುಪಾಪ. ತುಮಕೂರು ತಾಲ್ಲೂಕಿನ ನಾಗವಲ್ಲಿಯ ಸುತ್ತ ಇದು ಇರುವುದು ಬಹುಕಾಲದಿಂದ ಗೊತ್ತಿರುವ ಸಂಗತಿ. ರಾತ್ರಿ ಹೊರಡುವ, ಹುಳುಹುಪ್ಪಟೆ ತಿಂದು ಬದುಕುವ, ಅವಸರವೆಂಬುದೇ ಗೊತ್ತಿಲ್ಲದ ಜೀವ. ಕೊಂಬೆಯಿಂದ ಕೊಂಬೆಗೆ ಕೈ ಚಾಚಿ ಹಿಡಿದು ದಾಟುತ್ತದೆ. ನೆಲಕ್ಕಿಳಿದರೆ ನಾಯಿಗೆ ತುತ್ತು, ರಸ್ತೆಯಲ್ಲಾದರೆ ಚಕ್ರಕ್ಕೆ. ಮಾಟ ಮಾಡುವವರ ಕಾಟ ಬೇರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿಟ್ಟು ಹುಲಿಗೆ ಕೊಟ್ಟ ರಕ್ಷಣೆಯನ್ನೇ ಇದಕ್ಕೂ ಕೊಟ್ಟಿದ್ದೇವೆ. ತಮಿಳುನಾಡು 2022ರಲ್ಲಿ ಕಡವೂರಿನಲ್ಲಿ ಇದಕ್ಕಾಗಿಯೇ ಒಂದು ಅಭಯಾರಣ್ಯವನ್ನೂ ಘೋಷಿಸಿತು. ಆದರೆ ತೋಟಗಳ ನಡುವೆ ಬದುಕುವ ಕಾಡುಪಾಪಕ್ಕೆ ಅಭಯಾರಣ್ಯಕ್ಕಿಂತ ಹೆಚ್ಚಾಗಿ ಬೇಕಾದದ್ದು ಕಡಿಯದ ಬೇಲಿಸಾಲು. ನೂರು ಅಡಿ ಬೇಲಿ ಬೋಳಿಸಿದರೆ ಅದರ ಪಾಲಿಗೆ ಊರೇ ಎರಡು ಹೋಳು.

ಬೋಳಿಸುವವರು ದುಷ್ಟರೇನಲ್ಲ. ಜೆಸಿಬಿ ಗಂಟೆ ಲೆಕ್ಕದಲ್ಲಿ ಸಿಗುತ್ತದೆ, ಬೇಲಿ ಸವರುವ ಆಳು ಸಿಗುವುದಿಲ್ಲ. ಕಲ್ಲುಕಂಬ ನೆಟ್ಟು ತಂತಿ ಎಳೆದರೆ ಜಮೀನು ಎಲ್ಲಿಂದ ಎಲ್ಲಿಗೆಂದು ಕಾಣುತ್ತದೆ, ದಾಯಾದಿ ಅಡಿಯಿಟ್ಟರೆ ತಿಳಿಯುತ್ತದೆ. ಹಾವಿನ ಭಯವೂ ಸುಳ್ಳಲ್ಲ. ಇವೆಲ್ಲದರ ಮೇಲೆ, ಬೇಲಿ ನೆಲ ತಿನ್ನುತ್ತದೆ ಎಂಬ ದೂರು. ಅದನ್ನು ಲೆಕ್ಕ ಹಾಕಿಯೇ ನೋಡಬಹುದು. ಒಂದು ಎಕರೆ ಚೌಕದ ಸುತ್ತಳತೆ ಸುಮಾರು 835 ಅಡಿ. ನಾಲ್ಕು ಅಡಿ ಅಗಲದ ಬೇಲಿಗೆ ಮೂರು ಗುಂಟೆ ಚಿಲ್ಲರೆ ಬೇಕು. ಪಕ್ಕದವರೊಂದಿಗೆ ಹಂಚಿಕೊಂಡರೆ ಒಂದೂವರೆ. ಆ ಒಂದೂವರೆ ಗುಂಟೆಯಲ್ಲಿ ತೆಂಗು ಏನು ಕಳೆದುಕೊಳ್ಳುತ್ತದೆ? ತೆಂಗಿನ ಚುರುಕು ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಎರಡು ಮೀಟರ್ ದೂರದೊಳಗೇ ಇರುತ್ತವೆ. ತೆಂಗನ್ನಷ್ಟೇ ಬೆಳೆದ ತೋಟದಲ್ಲಿ ನೆಲದ ಮುಕ್ಕಾಲು ಪಾಲು ಮರಕ್ಕೆ ನೇರವಾಗಿ ಬಳಕೆಯಾಗುವುದೇ ಇಲ್ಲ. ಉತ್ತು ಉತ್ತು ಅಂಗಳದಂತೆ ಬೋಳಾಗಿಟ್ಟ ಮುಕ್ಕಾಲು ಪಾಲಿನ ಬಗ್ಗೆ ಮಾತೆತ್ತದೆ ಅಂಚಿನ ನಾಲ್ಕು ಅಡಿಯ ಬಗ್ಗೆ ಜಿಪುಣತನ ಮಾಡುವುದು ನನಗೆ ಅರ್ಥವಾಗುವುದಿಲ್ಲ.

ಬೇಲಿಯಿಂದ ತೋಟಕ್ಕೂ ಬರುವುದಿದೆ. ಗರಿಗಳನ್ನು ಸುಟ್ಟಂತೆ ಒಣಗಿಸುವ ಕಪ್ಪುತಲೆ ಹುಳುವಿಗೆ ಗೋನಿಯೋಜಸ್ ಎಂಬ ಪುಟ್ಟ ಕಣಜವನ್ನು ಸಾಕಿ ಬಿಡುವುದು ನಮ್ಮ ರೈತರಿಗೆ ಹೊಸತಲ್ಲ. ಪ್ರಯೋಗಾಲಯದಲ್ಲಿ ಅದನ್ನು ಸಾಕುವಾಗ ಜೇನುತುಪ್ಪ ಉಣಿಸುತ್ತಾರೆ. ತೋಟಕ್ಕೆ ಬಿಟ್ಟ ಮೇಲೆ ಉಣಿಸುವವರು ಯಾರು? ಬೇಲಿಯಲ್ಲೊಂದಿಷ್ಟು ಹೂ ಇದ್ದರೆ ಕಣಜಕ್ಕೆ ಅನ್ನ. 2016ರಲ್ಲಿ ಪೊಳ್ಳಾಚಿಯಲ್ಲಿ ಕಾಣಿಸಿಕೊಂಡು ಆಮೇಲೆ ನಮ್ಮ ತೋಟಗಳಿಗೂ ಬಂದ ಸುರುಳಿ ಬಿಳಿನೊಣದ ವಿಷಯದಲ್ಲೂ ತಜ್ಞರು ಹೇಳಿದ್ದು ಇದೇ ಜಾಡಿನ ಮಾತು: ಕಂಡಕಂಡ ಹಾಗೆ ವಿಷ ಹೊಡೆಯಬೇಡಿ, ಅದನ್ನು ತಿನ್ನುವ ಎನ್ಕಾರ್ಸಿಯಾ ಕಣಜವನ್ನು ಬದುಕಲು ಬಿಡಿ. ಬೇಲಿಯೊಂದರಿಂದಲೇ ರೋಗ, ಕೀಟ ಎಲ್ಲ ಹೋಗುತ್ತದೆ ಎಂದರೆ ಸುಳ್ಳಾಗುತ್ತದೆ. ಅಣಬೆ ರೋಗಕ್ಕೆ ಲಕ್ಕಿ ಬೇಲಿ ಮದ್ದಲ್ಲ.

ಇಲ್ಲಿ ಇನ್ನೊಂದು ಅತಿಯ ಬಗ್ಗೆಯೂ ಹೇಳಬೇಕು. ದೇಸಿ ಗಿಡ ಎಂದೊಡನೆ ಪ್ರತಿ ಗಿಡದ ಜಾತಕ ಕೇಳುವವರಿದ್ದಾರೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ, ಊರವರು ಕಾಯುತ್ತಾರೆ. ಹುಣಸೆಯ ಮೂಲ ಆಫ್ರಿಕಾ. ನಮ್ಮ ಹಳೆಯ ಬೇಲಿಯ ಕತ್ತಾಳೆ, ಪಾಪಸುಕಳ್ಳಿ ಅಮೆರಿಕದವು. ಸೊಪ್ಪಿಗೆಂದು ಬೆಳೆಸುವ ಗ್ಲಿರಿಸಿಡಿಯವೂ ಅಷ್ಟೇ. ಇವನ್ನೆಲ್ಲ ಕಿತ್ತೊಗೆಯಿರಿ ಎನ್ನುವ ಶುದ್ಧಾಚಾರ ನನಗೆ ಬೇಡ. ಲಂಟಾನದ ಕಥೆ ಮಾತ್ರ ಬೇರೆ. ಅಲಂಕಾರಕ್ಕೆಂದು ತಂದ ಆ ಗಿಡದ ಹೂವಿಗೂ ಚಿಟ್ಟೆ ಕೂರುತ್ತದೆ, ಹಣ್ಣನ್ನು ಪಿಕಳಾರ ತಿನ್ನುತ್ತದೆ, ಅದಕ್ಕೇ ಜನ ಮೋಸಹೋಗುತ್ತಾರೆ. ಬುಡದಲ್ಲಿ ಇನ್ನೊಂದು ಗಿಡ ಏಳಗೊಡದೆ ಬೇಲಿಯೂ ಗುಡ್ಡವೂ ತಾನೇ ಆಗಿಬಿಡುವುದು ಅದರ ಗುಣ. ಎಲ್ಲಿಂದ ಬಂತು ಎಂಬುದಕ್ಕಿಂತ, ಬಂದ ಮೇಲೆ ಎಷ್ಟು ಜನಕ್ಕೆ ಜಾಗ ಬಿಟ್ಟಿತು ಎಂದು ನೋಡುವುದು ಮೇಲು. ಹೊಸದಾಗಿ ನೆಡುವಾಗ ಮಾತ್ರ ಇಲ್ಲಿನದನ್ನೇ ನೆಡುವುದು ಲೇಸು, ಹುಳುವಿನ ಕಾರಣಕ್ಕೆ.

ಬೇಲಿಯಲ್ಲಿ ಹಂದಿ, ಚಿರತೆ ಅಡಗುತ್ತವೆ ಎಂಬ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಎಳೆ ತೆಂಗಿನ ಸಸಿಯನ್ನು ಹಂದಿ ಬಗೆದುಹಾಕಿದ ಮನೆಯವರಿಗೆ ಜೀವವೈವಿಧ್ಯದ ಪಾಠ ಹೇಳುವುದು ಕಷ್ಟ. ಅವು ಹಗಲು ಮಲಗುವುದು ಹೆಚ್ಚಾಗಿ ಲಂಟಾನ ಮೆಳೆ, ಪಾಳು ಹೊಲಗಳಲ್ಲಿ. ವರ್ಷಕ್ಕೊಮ್ಮೆ ಸವರಿದ ನಾಲ್ಕಡಿ ಬೇಲಿಯಲ್ಲಿ ಕಾಡುಪಾಪ, ಓತಿ, ಮುಂಗುಸಿ ಇರಬಲ್ಲವೇ ಹೊರತು ಹಂದಿ ಹಿಂಡು ನಿಲ್ಲಲಾರದು.

ಖರ್ಚು ದೊಡ್ಡದಲ್ಲ. ಲಕ್ಕಿ ಕಡ್ಡಿ ಮುರಿದು ಮಳೆಗಾಲದಲ್ಲಿ ಊರಿದರೆ ಚಿಗುರುತ್ತದೆ, ತಂಗಡಿ ಬೀಜ ಚೆಲ್ಲಿದರೆ ಸಾಕು, ಕಾರೆಯನ್ನು ಹಕ್ಕಿಗಳೇ ತಂದು ಹಾಕುತ್ತವೆ. ನಾವು ಉಳುವಾಗ ಅಂಚು ಬಿಡಬೇಕಷ್ಟೇ. ಕಷ್ಟ ಇರುವುದು ಬೇರೆ ಕಡೆ. ಬೇಲಿಗೆ ಇಬ್ಬರು ಯಜಮಾನರು. ಒಬ್ಬ ಬೆಳೆಸಿದ್ದನ್ನು ಇನ್ನೊಬ್ಬ ನೆರಳೆಂದು ಕಡಿಯಬಹುದು, ಗಡಿ ಮರೆಯಾಯಿತೆಂದು ಜಗಳ ತೆಗೆಯಬಹುದು. ಹಾಗಾಗಿ ಗಿಡಕ್ಕಿಂತ ಮೊದಲು ಹದ್ದುಬಸ್ತು ಆಗಲಿ: ಸರ್ವೆಯವರನ್ನು ಕರೆಸಿ ಇಬ್ಬರ ಎದುರಿಗೇ ಕಲ್ಲು ನೆಡಿಸಿ, ಕಲ್ಲಿನ ಆಚೆ ಎರಡಡಿ ಈಚೆ ಎರಡಡಿ ಬಿಡುವ ಮಾತಾದರೆ, ತಂತಿಯ ಖರ್ಚು ರಸ್ತೆ ಬದಿಗಷ್ಟೇ ಉಳಿಯುತ್ತದೆ.