ಮರಳಿನ ದಾರಿಯಲ್ಲಿ ನೀರಿನ ಪಾಠ



'ಬರ್ಬರ' ಎಂಬ ಪದಕ್ಕೆ ನಮ್ಮ ನಿಘಂಟುಗಳಲ್ಲಿ ಅನಾಗರಿಕ, ಕ್ರೂರ ಎಂಬ ಅರ್ಥಗಳಿವೆ. ಪ್ರಾಚೀನ ಗ್ರೀಕರೂ ತಮ್ಮ ಭಾಷೆಯನ್ನು ಅರಿಯದವರನ್ನು ಇಂಥದೇ ಒಂದು ಪದದಿಂದ ಕರೆಯುತ್ತಿದ್ದರು. ರೋಮನ್ನರು ಅದನ್ನು ಎತ್ತಿಕೊಂಡರು. ಉತ್ತರ ಆಫ್ರಿಕದ ಮೂಲನಿವಾಸಿಗಳಿಗೆ 'ಬರ್ಬರ್' ಎಂಬ ಹೆಸರು ಅಂಟಿಕೊಂಡದ್ದು ಹೀಗೆ. ಆದರೆ ಆ ಜನರು ತಮ್ಮನ್ನು ತಾವು ಕರೆದುಕೊಳ್ಳುವುದು 'ಅಮಾಜಿಗ್' ಎಂದು. 'ಸ್ವತಂತ್ರ ಜನ' ಎಂದು ಅದಕ್ಕೆ ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಅವರ ನಾಡಿನಲ್ಲಿ ಸಂಚರಿಸಬಯಸುವವರು ಹೊರಡುವ ಮುನ್ನವೇ ನಿಘಂಟಿನ ಆ ಅರ್ಥವನ್ನು ಮನಸ್ಸಿನಿಂದ ತೆಗೆದುಹಾಕುವುದು ಒಳಿತು.

ಮೊರೊಕ್ಕೊ ದೇಶವು 2011ರ ಸಂವಿಧಾನದಲ್ಲಿ ಅಮಾಜಿಗ್ ಭಾಷೆಗೆ ಅರಬ್ಬಿಯ ಜೊತೆಗೆ ಅಧಿಕೃತ ಸ್ಥಾನವನ್ನು ನೀಡಿತು. ಅದಕ್ಕೂ ಮೊದಲು, 2003ರಲ್ಲಿ, 'ತಿಫಿನಾಘ್' ಎಂಬ ಪ್ರಾಚೀನ ಮೂಲದ ಲಿಪಿಯನ್ನು ಆ ಭಾಷೆಯ ಬರವಣಿಗೆಗೆ ಒಪ್ಪಿಕೊಳ್ಳಲಾಗಿತ್ತು. ವರ್ತುಲ ಮತ್ತು ಗೆರೆಗಳಿಂದಾದ ಆ ಅಕ್ಷರಗಳನ್ನು ಇಂದು ಶಾಲೆ, ಕಚೇರಿಗಳ ಫಲಕಗಳ ಮೇಲೆ ಕಾಣಬಹುದು. 2024ರಿಂದ ಅವರ ಹೊಸ ವರ್ಷದ ದಿನವಾದ ಜನವರಿ 14 ಅಲ್ಲಿ ಸಾರ್ವಜನಿಕ ರಜಾದಿನವಾಗಿದೆ.

ಈ ನಾಡಿನಲ್ಲಿ ಪ್ರವಾಸಿಗರು ಹೆಚ್ಚಾಗಿ ಹಿಡಿಯುವ ದಾರಿಯೆಂದರೆ ಮರಾಕೆಶ್ ನಗರದಿಂದ ಸಹಾರಾದ ಅಂಚಿನ ಮೆರ್ಜೂಗಾ ಗ್ರಾಮದವರೆಗಿನ ಸುಮಾರು 560 ಕಿಲೋಮೀಟರ್‌ಗಳ ರಸ್ತೆ. ಸ್ಥಳೀಯ ಮಾರ್ಗದರ್ಶಿಯೊಬ್ಬನೊಡನೆ ಜೀಪಿನಲ್ಲಿ ಮೂರು, ನಾಲ್ಕು ಅಥವಾ ಐದು ದಿನಗಳ ಪಯಣ. ಎಲ್ಲರೂ ಹೊರಡುವುದು ಮರಳಿನ ದಿಬ್ಬಗಳನ್ನೂ ಒಂಟೆಗಳನ್ನೂ ನೋಡಲೆಂದು. ಅವು ನೋಡತಕ್ಕವೇ ಸರಿ. ಆದರೆ ಆ ದಾರಿಯುದ್ದಕ್ಕೂ ಮನುಷ್ಯ ಬದುಕಿ ಉಳಿದದ್ದು ನೀರಿನಿಂದ, ಅದಕ್ಕಿಂತ ಹೆಚ್ಚಾಗಿ ನೀರನ್ನು ಹಂಚಿಕೊಂಡ ರೀತಿಯಿಂದ. ಅದನ್ನು ಗಮನಿಸದೆ ಮರಳನ್ನಷ್ಟೇ ನೋಡಿ ಬಂದವರು ಆ ನಾಡನ್ನು ಅರ್ಧ ಮಾತ್ರ ಕಂಡಂತೆ.

ಪರ್ವತದ ದಿನ

ಮರಾಕೆಶ್ ನಗರವನ್ನು 11ನೆಯ ಶತಮಾನದಲ್ಲಿ ಸ್ಥಾಪಿಸಿದವರು ಅಲ್ಮೊರಾವಿದ್ ಎಂಬ ಅಮಾಜಿಗ್ ರಾಜಮನೆತನದವರು. ಅಲ್ಲಿಂದ ಆಗ್ನೇಯಕ್ಕೆ ಹೊರಟ ರಸ್ತೆಯು ಅಟ್ಲಾಸ್ ಪರ್ವತವನ್ನೇರಿ, ಸುಮಾರು 2,260 ಮೀಟರ್ ಎತ್ತರದ ತಿಶ್ಕಾ ಕಣಿವೆದಾರಿಯನ್ನು ದಾಟುತ್ತದೆ. ಚಳಿಗಾಲದಲ್ಲಿ ಇಲ್ಲಿ ಹಿಮ ಬಿದ್ದು ರಸ್ತೆ ಮುಚ್ಚುವುದೂ ಉಂಟು. ಅಟ್ಲಾಂಟಿಕ್ ಸಾಗರದ ಮೋಡಗಳನ್ನು ತಡೆದು ನಿಲ್ಲಿಸುವುದು ಈ ಪರ್ವತವೇ. ಆಚೆಯ ನಾಡು ಮಳೆ ನೆರಳಿನ ಪ್ರದೇಶ. ಬೆಟ್ಟದ ಮೇಲಿನ ಮಳೆ ಮತ್ತು ಹಿಮ ಕರಗಿದ ನೀರು ದಾದೆಸ್, ತೊದ್ರಾ, ಜೀಜ್ ಮೊದಲಾದ ನದಿಗಳಾಗಿ ಮರಳುಗಾಡಿನತ್ತ ಇಳಿಯುತ್ತದೆ. ಮುಂದಿನ ದಿನಗಳಲ್ಲಿ ಕಾಣುವ ಒಂದೊಂದು ಹಸಿರು ಪಟ್ಟಿಯೂ ಈ ಬೆಟ್ಟದ ಕೊಡುಗೆಯೇ.

ಈ ಬೆಟ್ಟದ ಜನ ಈಚೆಗೆ ದೊಡ್ಡ ದುಃಖವೊಂದನ್ನು ಕಂಡಿದ್ದಾರೆ. 2023ರ ಸೆಪ್ಟೆಂಬರ್ 8ರ ರಾತ್ರಿ 6.8 ಪ್ರಮಾಣದ ಭೂಕಂಪವು ಮರಾಕೆಶ್‌ನ ನೈಋತ್ಯದ ಗಿರಿಗ್ರಾಮಗಳನ್ನು ನೆಲಸಮ ಮಾಡಿತು. ಸುಮಾರು 3,000 ಮಂದಿ ಪ್ರಾಣ ಕಳೆದುಕೊಂಡರು. ದಾರಿಯಲ್ಲಿ ಬಿರುಕುಬಿಟ್ಟ ಗೋಡೆಗಳನ್ನು ಕಂಡಾಗ ಅವುಗಳ ಚಿತ್ರ ತೆಗೆಯುವ ಮುನ್ನ ಅವು ಯಾರದೋ ಮನೆಯೆಂಬುದನ್ನು ನೆನೆಯಬೇಕು.

ಬೆಟ್ಟವಿಳಿದ ಮೇಲೆ ಸಿಗುವುದು ಐತ್ ಬೆನ್‌ಹದ್ದು. ಔನಿಲಾ ನದಿಯ ದಂಡೆಯಲ್ಲಿ ಮಣ್ಣನ್ನು ಹಲಗೆಗಳ ನಡುವೆ ತುಂಬಿ, ಕುಟ್ಟಿ ಕಟ್ಟಿದ ಕೋಟೆಯಂಥ ಗ್ರಾಮವಿದು. 1987ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅನೇಕ ಹಾಲಿವುಡ್ ಚಲನಚಿತ್ರಗಳು ಇಲ್ಲಿ ಚಿತ್ರೀಕರಣಗೊಂಡಿರುವುದರಿಂದ ಮಾರ್ಗದರ್ಶಿಗಳು ನಟರ ಹೆಸರನ್ನೇ ಹೆಚ್ಚಾಗಿ ಹೇಳುತ್ತಾರೆ. ತಾವು ಮಾತ್ರ ಗುಡ್ಡದ ನೆತ್ತಿಯವರೆಗೆ ಏರಿ, ಅಲ್ಲಿರುವ ಸಾಮೂಹಿಕ ಕಣಜದ ಅವಶೇಷವನ್ನು ನೋಡಿರಿ. ಊರಿನ ಅತಿ ಸುರಕ್ಷಿತವಾದ ಜಾಗವನ್ನು ಆ ಜನ ಎಲ್ಲರ ಧಾನ್ಯಕ್ಕಾಗಿ ಮೀಸಲಿಟ್ಟಿದ್ದರೆಂಬುದು ಅವರ ಬಾಳ್ವೆಯ ಬಗೆಗೆ ಬಹಳಷ್ಟನ್ನು ಹೇಳುತ್ತದೆ.

ಕಣಿವೆಗಳ ದಿನ

ಮರುದಿನದ ಪಯಣ ವಾರ್ಜಜಾತ್ ಪಟ್ಟಣದಿಂದ ಪೂರ್ವಕ್ಕೆ. ಪಟ್ಟಣದ ಹೊರವಲಯದಲ್ಲಿ 'ನೂರ್' ಎಂಬ ಸೌರವಿದ್ಯುತ್ ಸ್ಥಾವರವಿದೆ. ಅದರ ಮೊದಲ ಘಟಕ 2016ರಲ್ಲಿ ಉದ್ಘಾಟನೆಗೊಂಡಿತು. ನಾಲ್ಕೂ ಘಟಕಗಳ ಒಟ್ಟು ಸಾಮರ್ಥ್ಯ 580 ಮೆಗಾವಾಟ್. ಬಿಸಿಲನ್ನು ವಿದ್ಯುತ್ತಾಗಿಸುವ ಈ ಸಾಹಸಕ್ಕೂ ಕನ್ನಡಿಗಳನ್ನು ತೊಳೆಯಲು, ಯಂತ್ರಗಳನ್ನು ತಂಪಾಗಿಡಲು ನೀರು ಬೇಕು. ಮೊದಲ ಘಟಕಕ್ಕೆ ನೀರಿನಿಂದ ತಂಪುಮಾಡುವ ವಿಧಾನವನ್ನು ಅಳವಡಿಸಿದ್ದರು. ಅದರ ನಂತರ ಬಂದ ಎರಡು ಘಟಕಗಳಿಗೆ ಗಾಳಿಯಿಂದ ತಂಪುಮಾಡುವ ವಿಧಾನವನ್ನು ಆರಿಸಿಕೊಂಡರು. ಮರಳುಗಾಡಿನಲ್ಲಿ ನೀರಿನ ಲೆಕ್ಕವನ್ನು ಹಾಕದೆ ಯಾವ ಕೆಲಸವೂ ಸಾಗದು.

ಮುಂದೆ ಸ್ಕೂರಾದ ಖರ್ಜೂರದ ತೋಪುಗಳು, ಗುಲಾಬಿಗೆ ಹೆಸರಾದ ಕೆಲ್ಆತ್ ಮ್ಗೂನಾ, ದಾದೆಸ್ ಕಣಿವೆ, ಅನಂತರ ತೊದ್ರಾ ಕಮರಿ. ತೊದ್ರಾದಲ್ಲಿ ಸುಮಾರು 300 ಮೀಟರ್ ಎತ್ತರದ ಎರಡು ಬಂಡೆಗೋಡೆಗಳು ಒಂದೆಡೆ ಕೆಲವೇ ಮೀಟರ್ ಅಂತರಕ್ಕೆ ಬಂದು ನಿಲ್ಲುತ್ತವೆ. ಅವುಗಳ ನಡುವೆ ಸ್ಫಟಿಕದಂಥ ತಿಳಿನೀರು ಹರಿಯುತ್ತದೆ. ಆ ನೀರು ಕೆಳಗೆ ತಿನ್‌ಘೀರ್‌ನ ಓಯಸಿಸ್‌ಗೆ ಜೀವ ನೀಡುತ್ತದೆ. ಓಯಸಿಸ್ ಎಂದರೆ ಮರಳಿನ ನಡುವೆ ತಾನಾಗಿ ಹುಟ್ಟಿದ ಹಸಿರಲ್ಲ, ತಲೆಮಾರುಗಳು ದುಡಿದು ಮಾಡಿದ ತೋಟ. ಮೇಲೆ ಖರ್ಜೂರದ ನೆರಳು, ಅದರಡಿ ದಾಳಿಂಬೆ, ಅಂಜೂರ, ಆಲಿವ್, ಬಾದಾಮಿ, ಎಲ್ಲಕ್ಕೂ ಕೆಳಗೆ ಜವೆಗೋಧಿ, ತರಕಾರಿ, ದನಕರುಗಳ ಮೇವು. ಒಂದೇ ತೇವದಲ್ಲಿ ಮೂರು ಅಂತಸ್ತಿನ ಬೆಳೆ. ಕಾಲುವೆಯ ನೀರು ಯಾರ ಹೊಲಕ್ಕೆ ಎಷ್ಟು ಹೊತ್ತು ಎಂಬುದನ್ನು ಊರ ಹಿರಿಯರ ಸಭೆಯು ಪಾಳಿಯಂತೆ ನಿರ್ಧರಿಸುವ ಪದ್ಧತಿ ಬಹು ಹಿಂದಿನದು.

ನೆಲದಡಿಯ ನದಿ

ಮೂರನೆಯ ದಿನ ತಿನ್‌ಜ್ದಾದ್‌ನಿಂದ ಎರ್ಫೂದ್ ಕಡೆಗೆ ಹೋಗುವಾಗ ಜೋರ್ಫ್ ಸಮೀಪದಲ್ಲಿ ಜೀಪನ್ನು ನಿಲ್ಲಿಸಲು ಹೇಳಿರಿ. ಬರಡು ಬಯಲಿನಲ್ಲಿ ದೊಡ್ಡ ದೊಡ್ಡ ಹುತ್ತಗಳಂಥ ಮಣ್ಣಿನ ಗುಡ್ಡೆಗಳು ಸಾಲುಸಾಲಾಗಿ ಕಾಣುತ್ತವೆ. ಒಂದೊಂದರ ನಡುವೆಯೂ ಆಳವಾದ ಬಾಯಿ. ಇವೇ 'ಖೆಟ್ಟಾರಾ'ಗಳು. ಎತ್ತರದ ನೆಲದಲ್ಲಿ ಅಂತರ್ಜಲವಿರುವ ಕಡೆ ಬಾವಿಯನ್ನು ತೋಡಿ, ಅಲ್ಲಿಂದ ಊರಿನವರೆಗೆ ಅತಿ ಸಣ್ಣ ಇಳಿಜಾರಿನಲ್ಲಿ ಸುರಂಗವನ್ನು ಕೊರೆದಿದ್ದಾರೆ. ನೀರು ಯಾವ ಯಂತ್ರದ ನೆರವೂ ಇಲ್ಲದೆ, ಬಿಸಿಲಿಗೆ ಆವಿಯಾಗದೆ ಹರಿದು ಹೊಲಗಳ ಬಳಿ ಹೊರಬರುತ್ತದೆ. ನಡುನಡುವಿನ ಬಾಯಿಗಳು ಗಾಳಿಗಾಗಿ, ಹೂಳನ್ನು ಎತ್ತುವುದಕ್ಕಾಗಿ.

ಈ ಸಾಲನ್ನು ಕಂಡ ಕನ್ನಡಿಗರಿಗೆ ಬೀದರಿನ ನೌಬಾದಿನ ಸುರಂಗ ಬಾವಿ ನೆನಪಾಗದಿರದು. ಬಹಮನಿ ಅರಸರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ನಿರ್ಮಾಣವಾದ ಆ ಕರೇಜ್ ಪರ್ಷಿಯಾದಿಂದ ಬಂದ ಇದೇ ವಿದ್ಯೆಯ ಫಲ. ಪರ್ಷಿಯಾದ ಪೂರ್ವಕ್ಕೆ ನಮ್ಮ ದಖನ್ ಪ್ರಸ್ಥಭೂಮಿ, ಪಶ್ಚಿಮಕ್ಕೆ ಮೊರೊಕ್ಕೊದ ಮರಳುಗಾಡು. ಎರಡೂ ಕಡೆ ನೆಲದಡಿಯಲ್ಲಿ ಒಂದೇ ಬಗೆಯ ಜಾಣ್ಮೆ!

ಖೆಟ್ಟಾರಾದಲ್ಲಿ ಹಕ್ಕು ಎಂದರೆ ನೆಲದ ಅಳತೆಯಲ್ಲ, ಸಮಯದ ಅಳತೆ. ಸುರಂಗವನ್ನು ಕೊರೆಯಲು ದುಡಿದ ಮನೆತನಗಳಿಗೆ ಇಂತಿಷ್ಟು ಹೊತ್ತಿನ ನೀರು. ಅದು ಮಕ್ಕಳಿಗೆ, ಮೊಮ್ಮಕ್ಕಳಿಗೆ ಪಾಲಾಗುತ್ತ ಬರುತ್ತದೆ. ಹಕ್ಕುಳ್ಳವರು ಹೂಳೆತ್ತುವ ಕೆಲಸಕ್ಕೆ ಆಳು ಕೊಡಲೇಬೇಕು. ಹೀಗೆ ದುಡಿಮೆಗೂ ಹಕ್ಕಿಗೂ ಗಂಟುಹಾಕಿದ್ದರಿಂದಲೇ ಆ ಸುರಂಗಗಳು ಶತಮಾನಗಳ ಕಾಲ ಹರಿದವು.

ಇಂದು ಅವುಗಳಲ್ಲಿ ಬಹಳಷ್ಟು ಒಣಗಿವೆ. 1971ರಲ್ಲಿ ಜೀಜ್ ನದಿಗೆ ಅಣೆಕಟ್ಟು ಬಂದ ಮೇಲೆ ಕೆಳಗಿನ ನೆಲಕ್ಕೆ ಇಂಗುವ ನೆರೆನೀರು ಕಡಿಮೆಯಾಯಿತು. ಮೇಲಿಂದ ಮೇಲೆ ಬರಗಾಲಗಳು ಬಂದವು. ಎಲ್ಲಕ್ಕೂ ಮಿಗಿಲಾಗಿ, ಅನುಕೂಲವುಳ್ಳವರು ತಮ್ಮ ತಮ್ಮ ಹೊಲಗಳಲ್ಲಿ ಬಾವಿ ತೋಡಿ ಮೋಟಾರು ಕೂರಿಸಿದರು. ಅಂತರ್ಜಲವು ಸುರಂಗದ ಮಟ್ಟಕ್ಕಿಂತ ಕೆಳಗಿಳಿಯಿತೆಂದರೆ ಖೆಟ್ಟಾರಾ ಒಮ್ಮೆಲೇ ನಿಂತುಹೋಗುತ್ತದೆ. ಆಗ ಮೋಟಾರು ಕೊಳ್ಳಲಾರದ ಬಡವನ ಪಾಲಿನ ಹೊತ್ತು ಬರಿಯ ಹೊತ್ತಾಗಿಯೇ ಉಳಿಯುತ್ತದೆ. ನೀರೇ ಇಲ್ಲದ ಮೇಲೆ ಹೂಳೆತ್ತಲು ಯಾರೂ ಬರುವುದಿಲ್ಲ, ತರುಣರು ಪಟ್ಟಣದ ದಾರಿ ಹಿಡಿಯುತ್ತಾರೆ. ಈಗ ಬಂದಿರುವ ಸೌರ ಪಂಪುಗಳಿಗೆ ಇಂಧನದ ಖರ್ಚಿಲ್ಲದಿರುವುದರಿಂದ ನೀರೆತ್ತುವುದಕ್ಕೆ ಮಿತಿಯೇ ಇಲ್ಲದಂತಾಗುವ ಭಯವೂ ಇದೆ. ಇದನ್ನು ಓದುವಾಗ ಕೊಳವೆ ಬಾವಿಗಳ ನಾಡಾದ ನಮಗೆ ಅದು ಪರದೇಶದ ಕಥೆಯೆಂದು ಅನ್ನಿಸದು.

ಜೋರ್ಫ್ ಬಳಿ ನೀರು ನಿಂತ ಖೆಟ್ಟಾರಾದೊಳಗೆ ಮೆಟ್ಟಿಲಿಳಿದು ನೋಡುವ ವ್ಯವಸ್ಥೆಯನ್ನು ಸ್ಥಳೀಯರು ಮಾಡಿದ್ದಾರೆ. ಅದಕ್ಕೆ ಸಣ್ಣ ಶುಲ್ಕವನ್ನು ಕೇಳಿದರೆ ಚೌಕಾಸಿ ಮಾಡದೆ ಕೊಡಿರಿ.

ಮರಳಿನ ರಾತ್ರಿ

ಮುಂದೆ ರಿಸ್ಸಾನಿ. ಇದರ ಪಕ್ಕದಲ್ಲಿಯೇ ಸಿಜಿಲ್ಮಾಸಾ ಎಂಬ ಪ್ರಾಚೀನ ವ್ಯಾಪಾರ ನಗರದ ಅವಶೇಷಗಳಿವೆ. 8ನೆಯ ಶತಮಾನದಲ್ಲಿ ಹುಟ್ಟಿದ ಆ ನಗರದಿಂದಲೇ 1352ರಲ್ಲಿ ಇಬ್ನ್ ಬತೂತ ಒಂಟೆಗಳ ಸಾಲಿನೊಡನೆ ಸಹಾರಾವನ್ನು ದಾಟಿ ಮಾಲಿ ರಾಜ್ಯಕ್ಕೆ ಹೊರಟನು. ನಮ್ಮ ದೇಶವನ್ನೂ ಸುತ್ತಿ ಹೋಗಿದ್ದ ಪ್ರವಾಸಿಯೇ ಆತ. ಈ ತಾಫಿಲಾಲ್ತ್ ಪ್ರದೇಶ ಮೆಜೂಲ್ ಖರ್ಜೂರದ ತವರು. 'ಬಯೂದ್' ಎಂಬ ಶಿಲೀಂಧ್ರ ರೋಗವು ಮೊರೊಕ್ಕೊದ ಖರ್ಜೂರದ ಮರಗಳನ್ನು ಲಕ್ಷಗಟ್ಟಲೆ ಕೊಂದಿತು. 1927ರಲ್ಲಿ ಇಲ್ಲಿಂದ ಅಮೆರಿಕಕ್ಕೆ ಒಯ್ದ 11 ಸಸಿಗಳಲ್ಲಿ ಬದುಕುಳಿದವುಗಳಿಂದಲೇ ಅಲ್ಲಿಯ ಮೆಜೂಲ್ ತೋಟಗಳು ಬೆಳೆದವು.

ಕೊನೆಗೆ ಮೆರ್ಜೂಗಾ. ಎರ್ಗ್ ಶೆಬ್ಬಿ ಎಂಬ ಮರಳ ರಾಶಿಯ ದಿಬ್ಬಗಳು ಸುಮಾರು 150 ಮೀಟರ್‌ವರೆಗೆ ಏರಿ ನಿಂತಿವೆ. ಇಲ್ಲಿಯ ಮಾರ್ಗದರ್ಶಿಗಳಲ್ಲಿ ಹಲವರು ಐತ್ ಖೆಬ್ಬಾಶ್ ಎಂಬ ಅಲೆಮಾರಿ ಬುಡಕಟ್ಟಿನ ಮಕ್ಕಳು. ಬರಗಾಲದಿಂದ ಹಿಂಡುಗಳು ಕರಗಿ, 1994ರಿಂದ ಅಲ್ಜೀರಿಯದ ಗಡಿ ಮುಚ್ಚಿದ್ದರಿಂದ ಹುಲ್ಲುಗಾವಲಿನ ದಾರಿಗಳು ತಪ್ಪಿ, ಅವರು ಪ್ರವಾಸೋದ್ಯಮವನ್ನು ನೆಚ್ಚಿಕೊಂಡರು. ಅವರಲ್ಲಿ ಹಿರಿಯರೊಬ್ಬರು ಪುದೀನದ ಚಹಾ ಸುರಿದುಕೊಟ್ಟರೆ ಅವಸರಪಡದೆ ಕುಳಿತು ಕುಡಿಯಿರಿ. ಸಮೀಪದ ಖಮ್ಲಿಯಾ ಗ್ರಾಮದಲ್ಲಿ ಗ್ನಾವಾ ಗಾಯಕರಿದ್ದಾರೆ. ಸಹಾರಾದ ದಕ್ಷಿಣದಿಂದ ಗುಲಾಮರಾಗಿ ಬಂದವರ ಸಂತತಿಯವರಾದ ಅವರ ಹಾಡುಗಾರಿಕೆಯನ್ನು 2019ರಲ್ಲಿ ಯುನೆಸ್ಕೊ ಗೌರವಿಸಿತು.

ಮರಳಿನಲ್ಲಿ ನೀರು ಬಾರದೆಯೂ ಕಾಡುತ್ತದೆ, ಬಂದೂ ಕಾಡುತ್ತದೆ. 2006ರ ಮೇ ತಿಂಗಳಲ್ಲಿ ಮೆರ್ಜೂಗಾದಲ್ಲಿಯೇ ಪ್ರವಾಹ ಬಂದು ಮಣ್ಣಿನ ಮನೆಗಳು ಕುಸಿದವು. ಆರು ವರ್ಷಗಳ ಸತತ ಬರದ ನಂತರ 2024ರ ಸೆಪ್ಟೆಂಬರ್‌ನಲ್ಲಿ ಆಗ್ನೇಯ ಮೊರೊಕ್ಕೊದಲ್ಲಿ ಸುರಿದ ಮಳೆಗೆ ದಶಕಗಳಿಂದ ಒಣಗಿದ್ದ ಇರಿಕಿ ಸರೋವರ ತುಂಬಿತು, ಜೀವಹಾನಿಯೂ ಆಯಿತು. ಆದುದರಿಂದ ಒಣಗಿದ ಹಳ್ಳದ ಪಾತ್ರದಲ್ಲಿ ಡೇರೆ ಹಾಕಬಾರದೆಂದು ಮಾರ್ಗದರ್ಶಿ ಹೇಳಿದರೆ ಮಾತು ಕೇಳಬೇಕು.

ಹೊರಡುವವರಿಗೆ ಕೆಲವು ಸೂಚನೆಗಳು

ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ಕಾಲ ಒಳ್ಳೆಯದು. ಚಳಿಗಾಲದ ರಾತ್ರಿಗಳಲ್ಲಿ ಮರಳು ತೀರ ತಣ್ಣಗಾಗುವುದರಿಂದ ಉಣ್ಣೆಯ ಬಟ್ಟೆ ಅವಶ್ಯ. ಮೂರು ದಿನಗಳಲ್ಲಿ ಮುಗಿಸುವ ಪ್ರವಾಸಗಳಲ್ಲಿ ದಿನದ ಬಹುಭಾಗ ವಾಹನದಲ್ಲಿಯೇ ಕಳೆದುಹೋಗುತ್ತದೆ. ವೃದ್ಧರೂ ಮಕ್ಕಳೂ ಇದ್ದಲ್ಲಿ ಐದು ದಿನಗಳಾದರೂ ಇರಲಿ.

ಶಾಕಾಹಾರಿಗಳಾದ ನಮ್ಮ ಮನೆಯವರು ಊಟದ ವಿಷಯವನ್ನು ಮೊದಲೇ ಸ್ಪಷ್ಟವಾಗಿ ತಿಳಿಸಬೇಕು. 'ಮಾಂಸ ಬೇಡ' ಎಂದರಷ್ಟೇ ಸಾಲದು. ಕೋಳಿ, ಮೀನು, ಮಾಂಸ ಬೇಯಿಸಿದ ಸಾರು ಇವಾವುವೂ ಬೇಡವೆಂದು ಹೇಳಬೇಕು. ಹರೀರಾ ಎಂಬ ಸಾರಿನಲ್ಲಿ ಅನೇಕ ವೇಳೆ ಮಾಂಸವಿರುತ್ತದೆ. ತರಕಾರಿಯ ತಾಜೀನ್, ತರಕಾರಿಯ ಕುಸ್ಕುಸ್, ಬದನೆಕಾಯಿಯ ಜಾಲೂಕ್, ಒಣ ಕಾಳಿನ ಗಟ್ಟಿ ಸಾರಾದ ಬಿಸ್ಸಾರಾ, ಬಿಸಿ ರೊಟ್ಟಿ, ಆಲಿವ್, ಖರ್ಜೂರ ಇವು ಸಿಗುತ್ತವೆ. ಜೊತೆಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದರೆ ಚಿಂತೆಯಿಲ್ಲ.

ಮಾರ್ಗದರ್ಶಿಯನ್ನು ಆ ಹಳ್ಳಿಗಳವರಲ್ಲಿಯೇ ಆರಿಸಿಕೊಳ್ಳಿರಿ. ಕೊಟ್ಟ ಹಣ ಅಲ್ಲಿಯೇ ಉಳಿಯುತ್ತದೆ. ಜನರ, ವಿಶೇಷವಾಗಿ ಸ್ತ್ರೀಯರ ಚಿತ್ರವನ್ನು ಅನುಮತಿಯಿಲ್ಲದೆ ತೆಗೆಯಬೇಡಿರಿ. ಈಜುಕೊಳವುಳ್ಳ ಬಿಡಾರಗಳನ್ನು ಬಿಟ್ಟು ಬಕೆಟ್ ನೀರಿನಲ್ಲಿ ಸ್ನಾನ ಮುಗಿಸುವ ಬಿಡಾರದಲ್ಲಿ ತಂಗಿರಿ. ಅತಿಥಿಯು ಬಳಸುವ ಒಂದೊಂದು ಕೊಡ ನೀರೂ ಅದೇ ಅಂತರ್ಜಲದಿಂದ ಬಂದದ್ದು, ಅದರ ಮೇಲೆ ಖರ್ಜೂರದ ತೋಟದವನಿಗೂ ಹಕ್ಕಿದೆ.

ಅಷ್ಟು ದೂರ ಹೋಗಲಾಗದವರು ನಿರಾಶರಾಗಬೇಕಿಲ್ಲ. ರಜೆಯಲ್ಲಿ ಮಕ್ಕಳನ್ನು ಬೀದರಿಗೆ ಕರೆದುಕೊಂಡು ಹೋಗಿ ನೌಬಾದಿನ ಸುರಂಗ ಬಾವಿಯನ್ನು ತೋರಿಸಿರಿ. ಆ ಬಳಿಕ ತಮ್ಮ ಊರಿನ ಹಳೆಯ ಬಾವಿಯ ಹೂಳನ್ನು ಕಡೆಯ ಸಲ ಎತ್ತಿದ್ದು ಯಾವಾಗ, ಎತ್ತಿದವರು ಯಾರು ಎಂದು ಮನೆಯ ಹಿರಿಯರನ್ನು ಕೇಳಲು ಆ ಮಕ್ಕಳಿಗೇ ಹೇಳಿರಿ.