ಇಂಚು ಆಮೇಲೆ, ಬಣ್ಣ ಮೊದಲು

2023ರ ಬರದ ವರ್ಷ. ಸವಣೂರು ಕಡೆಯ ಹೊಲವೊಂದರಲ್ಲಿ ಒಣಗಿ ನಿಂತ ಗೋವಿನಜೋಳದ ಫೋಟೊ ತೆಗೆದಿದ್ದೆವು. ಮನೆಗೆ ಬಂದು ನಮ್ಮ ಹಳೆಯ 19 ಇಂಚಿನ ಮಾನಿಟರ್‌ನಲ್ಲಿ ನೋಡಿದರೆ ಇಡೀ ಚಿತ್ರ ಅರಿಸಿನ ಬಳಿದ ಹಾಗಿತ್ತು. ಹಳದಿ ಇಳಿಸಿ, ಉಳಿದ ಬಣ್ಣ ಒಂದಿಷ್ಟು ಏರಿಸಿ ಡೆಸ್ಕಿಗೆ ಕಳಿಸಿದೆವು. ಮರುದಿನ ಪತ್ರಿಕೆಯಲ್ಲಿ ಆ ಹೊಲ ಹಸಿರು ಹಸಿರಾಗಿ ಬಂತು. ಸಂಜೆ ಹೊಲದ ಯಜಮಾನರ ಫೋನು: "ಏನ್ರೀ ಸರ, ರಾತ್ರೋರಾತ್ರಿ ನಮ್ಮ ಹೊಲಕ್ಕ ನೀವ ನೀರು ಬಿಟ್ರೇನು?"

ಅವರು ನಗುತ್ತಲೇ ಕೇಳಿದರು. ನಮಗೆ ನಗು ಬರಲಿಲ್ಲ. ಬೆಳೆಹಾನಿಯ ಲೆಕ್ಕ ಹಾಕುತ್ತಿದ್ದ ದಿನಗಳವು. ಆ ಪೇಪರ್ ತುಂಡನ್ನು ಯಾರಾದರೂ ಹಿಡಿದು "ಎಲ್ಲೈತ್ರೀ ಬರ?" ಎಂದಿದ್ದರೆ ನಾವು ಏನು ಹೇಳಬೇಕಿತ್ತು? ತಪ್ಪು ಕ್ಯಾಮೆರಾದ್ದಲ್ಲ, ಡೆಸ್ಕಿನದ್ದೂ ಅಲ್ಲ. ವರ್ಷಗಟ್ಟಲೆ ಉರಿದು ಹಿಂಬದಿಯ ಬೆಳಕೇ ಹಳದಿಗಟ್ಟಿದ್ದ ಪರದೆಯದ್ದು, ಅದನ್ನು ನಂಬಿದ ನಮ್ಮದು.

ಹೊಸ ಮಾನಿಟರ್ ತರುವುದೆಂದಾಯಿತು. ಸುದ್ದಿಗೆ ಇಷ್ಟು, ಫೋಟೊಗೆ ಇಷ್ಟು ಎಂದು ಎಣಿಸಿ ಕೊಡುವ ದುಡ್ಡಿನಲ್ಲಿ ಬದುಕುವವರು ನಾವು. ಅರ್ಧ ದುಡ್ಡು ತಮ್ಮ ಹಾಕಿದ, ಷರತ್ತಿನ ಮೇಲೆ: "ಅಣ್ಣಾ, ರಾತ್ರಿ ಹತ್ತರ ಮ್ಯಾಲೆ ಪರದೆ ನಂದು. ಗೇಮ್ ಆಡಾಕ ಬರೋ ಅಂಥಾದ್ದ ಬೇಕು." ಇಬ್ಬರದೂ ಸೇರಿ 20,000 ರೂಪಾಯಿ.

ಅಂಗಡಿಯಲ್ಲಿ ಮೊದಲು ತೋರಿಸಿದ್ದು 32 ಇಂಚಿನ ಬಾಗಿದ ಪರದೆ. ಮೇಲೆ 'ಗೇಮಿಂಗ್' ಎಂಬ ಕೆಂಪು ಚೀಟಿ. ತಮ್ಮನ ಕಣ್ಣು ಅಲ್ಲೇ ಅಂಟಿತು. ಆದರೆ ಅದರಲ್ಲಿದ್ದ ಚುಕ್ಕಿಗಳು 1920 ಅಡ್ಡ, 1080 ಉದ್ದ. ಅಷ್ಟನ್ನೇ 32 ಇಂಚಿಗೆ ಹರಡಿದರೆ ಒಂದು ಇಂಚಿಗೆ ಸುಮಾರು 69 ಚುಕ್ಕಿ ಸಿಗುತ್ತದೆ. ನಮ್ಮ ಹಳೆಯ 1440×900ರ ಪರದೆಯಲ್ಲೇ ಇಂಚಿಗೆ 89 ಇತ್ತು! ದುಡ್ಡು ಕೊಟ್ಟು ಮಸುಕು ತಂದ ಹಾಗಾಗುತ್ತಿತ್ತು. ನುಡಿಯಲ್ಲಿ ಸುದ್ದಿ ಟೈಪ್ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಚುಕ್ಕಿ ಕಡಿಮೆಯಾದರೆ ಮೊದಲು ಕಲೆಸಿಹೋಗುವುದು ಒತ್ತಕ್ಷರ.

ನಮ್ಮ ಅಭಿಪ್ರಾಯ ನೇರವಾಗಿ ಹೇಳುತ್ತೇವೆ. ದುಡಿಮೆಗೂ ಆಟಕ್ಕೂ ಒಂದೇ ಪರದೆ ಬೇಕೆನ್ನುವವರು ಇಂಚು ಕೇಳುವ ಮೊದಲು ಚುಕ್ಕಿ ಎಷ್ಟು, ಪ್ಯಾನೆಲ್ ಯಾವುದು, ಬಣ್ಣ ಎಷ್ಟು ನಿಜ ಎಂದು ಕೇಳಬೇಕು. 27 ಇಂಚು, 2560×1440, ಐಪಿಎಸ್ ಪ್ಯಾನೆಲ್: ನಮ್ಮಂಥವರಿಗೆ ಇದೇ ಸರಿಯಾದ ಜಾಗ. ಇಂಚಿಗೆ ಸುಮಾರು 109 ಚುಕ್ಕಿ ಬರುತ್ತದೆ. ಅಕ್ಷರ ಕಡೆದಿಟ್ಟ ಹಾಗೆ ಕಾಣುತ್ತದೆ.

ಹಾಗಾದರೆ 4ಕೆ ಯಾಕಲ್ಲ? ಫೋಟೊಗೆ ಒಳ್ಳೆಯದೇ. ಆದರೆ 1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿ, 1440ರದ್ದರಲ್ಲಿ ಸುಮಾರು 36.9 ಲಕ್ಷ, 4ಕೆಯಲ್ಲಿ ಸುಮಾರು 83 ಲಕ್ಷ. ಆಟದಲ್ಲಿ ಇಷ್ಟನ್ನೂ ಪ್ರತಿ ಸೆಕೆಂಡಿಗೆ ಹತ್ತಾರು ಸಲ ಬಿಡಿಸಬೇಕಾದದ್ದು ಗ್ರಾಫಿಕ್ಸ್ ಕಾರ್ಡ್. ಮಾನಿಟರ್ ಮಾತ್ರ ದೊಡ್ಡದು ತಂದು ಹಳೆಯ ಕಾರ್ಡ್ ಉಳಿಸಿಕೊಂಡರೆ ಸಣ್ಣ ಎತ್ತಿಗೆ ದೊಡ್ಡ ಬಂಡಿ ಹೂಡಿದಂತೆ.

ಪ್ಯಾನೆಲ್ ವಿಚಾರ. ಐಪಿಎಸ್‌ನಲ್ಲಿ ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದು. ಅದರ ಕೊರತೆ ಕಪ್ಪು. ರಾತ್ರಿಯ ದೃಶ್ಯ ತುಸು ಬೂದಿ ಬಣ್ಣಕ್ಕೆ ತಿರುಗುತ್ತದೆ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಗಾಢ, ಆದರೆ ಅಗ್ಗದವುಗಳಲ್ಲಿ ಕತ್ತಲ ದೃಶ್ಯ ಓಡಿದಾಗ ಹಿಂದೆ ನೆರಳು ಎಳೆದಂತಾಗುತ್ತದೆ. ಒಎಲ್‌ಇಡಿ ಇವೆರಡನ್ನೂ ಮೀರಿದ್ದು. ಆದರೆ ಬೆಲೆ ನಮ್ಮ ಕೈಗೆಟುಕದು, ದಿನವಿಡೀ ಅಲ್ಲಾಡದೆ ನಿಲ್ಲುವ ಟಾಸ್ಕ್‌ಬಾರ್‌ನ ಗುರುತು ಅದರ ಮೇಲೆ ಕೂತುಬಿಡುವ ಭಯವೂ ಇದೆ.

ಬಣ್ಣದ ಬಗ್ಗೆ ಇನ್ನೊಂದು ಮೋಸವಿದೆ. '130 ಶೇಕಡಾ ಎಸ್‌ಆರ್‌ಜಿಬಿ' ಎಂದು ಬರೆದಿದ್ದರೆ ಹೆಚ್ಚು ಒಳ್ಳೆಯದು ಎಂದುಕೊಳ್ಳುತ್ತೇವೆ. ಸರಿಯಾಗಿ ಹೊಂದಿಸದಿದ್ದರೆ ಅಂಥ ಪರದೆ ಕೆಂಪನ್ನು ಇನ್ನೂ ಕೆಂಪು, ಹಸಿರನ್ನು ಇನ್ನೂ ಹಸಿರು ಮಾಡಿ ತೋರಿಸುತ್ತದೆ. ಆಟಕ್ಕೆ ಚೆಂದ, ಸುದ್ದಿಗೆ ಅಪಾಯ. ಹಾಗಾಗಿ ಮೆನುವಿನಲ್ಲಿ ಎಸ್‌ಆರ್‌ಜಿಬಿ ಮೋಡ್ ಇದೆಯೇ ನೋಡಿ. ನಮ್ಮ ಮನೆಯಲ್ಲಿ ಹಗಲು ಆ ಮೋಡ್, ರಾತ್ರಿ ತಮ್ಮನ ಮೋಡ್. ಬ್ರೈಟ್‌ನೆಸ್ಸನ್ನೂ ಇಳಿಸಿ. ತುಂಬಾ ಬೆಳಗುವ ಪರದೆಯಲ್ಲಿ ಸರಿ ಕಂಡ ಮುಖ ಅಚ್ಚಿನಲ್ಲಿ ಕಪ್ಪಾಗಿ ಬರುತ್ತದೆ.

ಎಚ್‌ಡಿಆರ್ 400 ಎಂಬ ಚೀಟಿಗೂ ಮರುಳಾಗಬೇಡಿ. ಪರದೆಯ ಬೇರೆ ಬೇರೆ ಭಾಗದ ಬೆಳಕನ್ನು ಬೇರೆ ಬೇರೆಯಾಗಿ ಇಳಿಸುವ ವ್ಯವಸ್ಥೆ ಆ ದರ್ಜೆಗೆ ಕಡ್ಡಾಯವಲ್ಲ. ಅದಿಲ್ಲದೆ ಎಚ್‌ಡಿಆರ್ ಹೆಚ್ಚಾಗಿ ಹೆಸರಿಗಷ್ಟೇ.

ಆಟದವರಿಗೆ ಹರ್ಟ್ಸ್ ಮುಖ್ಯ, ಒಪ್ಪುತ್ತೇವೆ. 60 ಹರ್ಟ್ಸ್‌ನಲ್ಲಿ ಚಿತ್ರ 16.7 ಮಿಲಿಸೆಕೆಂಡಿಗೊಮ್ಮೆ ಬದಲಾದರೆ 144ರಲ್ಲಿ ಸುಮಾರು 7ಕ್ಕೊಮ್ಮೆ. ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆದರೆ 144 ದಾಟಿದ ಮೇಲೆ ಒಂದೊಂದು ಹರ್ಟ್ಸ್‌ಗೂ ದುಡ್ಡು ಸುರಿಯುವ ಬದಲು ಒಳ್ಳೆಯ ಪ್ಯಾನೆಲ್‌ಗೆ ಕೊಡುವುದು ಲೇಸು. ತಂದ ಮೇಲೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಹರ್ಟ್ಸ್ ಬದಲಿಸಿ, ಸರಿಯಾದ ಕೇಬಲ್ ಹಾಕಿ. ನಮ್ಮ ತಮ್ಮ ಒಂದು ವಾರ 60ರಲ್ಲೇ ಆಡಿ "ಅಣ್ಣಾ, ಎಷ್ಟ್ ಸ್ಮೂತ್ ಐತಿ ನೋಡು" ಅಂದಿದ್ದ!

ಟಿವಿಯನ್ನೇ ಮಾನಿಟರ್ ಮಾಡಿಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. 32 ಇಂಚು ಮೀರಿದ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರಿಂದ 18 ಶೇಕಡಾಕ್ಕೆ ಇಳಿದ ಮೇಲೆ ಈ ಆಸೆ ಇನ್ನೂ ಹೆಚ್ಚಿದೆ. ಆದರೆ ಅನೇಕ ಅಗ್ಗದ ಟಿವಿಗಳಲ್ಲಿ ಬಣ್ಣದ ಮಾಹಿತಿ ಕುಗ್ಗಿ ಅಕ್ಷರದ ಅಂಚು ಮಸುಕಾಗುತ್ತದೆ, ಮೌಸ್ ಅಲ್ಲಾಡಿಸಿದ್ದು ತಡವಾಗಿ ಕಾಣುತ್ತದೆ. ಸಿನಿಮಾಕ್ಕೆ ಸರಿ. ಮೇಜಿನ ಮೇಲೆ, ಎರಡಡಿ ದೂರದಲ್ಲಿ ಬೇಡ.

ನಮ್ಮ ಕೆಲವು ಗೆಳೆಯರು ಹೇಳುವುದು ಬೇರೆ: "ಸ್ಟ್ರಿಂಜರ್‌ಗೆ ಮೊಬೈಲ್ ಸಾಕು, ಮಾನಿಟರ್ ಶೋಕಿ." ಅವಸರದ ಸುದ್ದಿಗೆ ಮೊಬೈಲೇ ಸಾಕು, ನಿಜ. ಆದರೆ ಅನೇಕ ಮೊಬೈಲ್‌ಗಳು ಕಣ್ಣಿಗೆ ಹಬ್ಬವಾಗಲೆಂದು ಬಣ್ಣವನ್ನು ಬೇಕೆಂದೇ ಏರಿಸಿ ತೋರಿಸುತ್ತವೆ. ಹೊಲದ ಬಣ್ಣ, ಕೆರೆ ನೀರಿನ ಬಣ್ಣ, ಆಸ್ಪತ್ರೆಯಲ್ಲಿ ಮಲಗಿದ ಮಗುವಿನ ಮುಖದ ಬಣ್ಣ ನಮ್ಮ ಕೆಲಸದಲ್ಲಿ ಅಲಂಕಾರವಲ್ಲ, ಸಾಕ್ಷಿ. ಅದನ್ನು ಸರಿಯಾಗಿ ತೋರಿಸುವ ಸಾಧನಕ್ಕೆ ಶೋಕಿ ಎಂದರೆ ನಾವು ಒಪ್ಪುವುದಿಲ್ಲ. ಅದೇ ಪರದೆಯಲ್ಲಿ ರಾತ್ರಿ ತಮ್ಮ ಆಡಿದರೆ ಅದಕ್ಕೂ ನಾಚಿಕೆಯಿಲ್ಲ. ಆಟದ ಆಸೆಯಿಲ್ಲದಿದ್ದರೆ ಅರ್ಧ ದುಡ್ಡೇ ಬರುತ್ತಿರಲಿಲ್ಲ.

ಕೊಳ್ಳಲು ಹೋಗುವಾಗ ನಿಮ್ಮದೇ ನಾಲ್ಕು ಫೋಟೊ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ: ಒಂದು ಮುಖ, ಒಂದು ಹೊಲ, ಒಂದು ರಾತ್ರಿ, ಒಂದು ಪುಟ ಕನ್ನಡ ಅಕ್ಷರ. ಅಂಗಡಿಯ ಮಿರಮಿರ ವಿಡಿಯೊ ನಿಲ್ಲಿಸಿ ಅವನ್ನು ಹಾಕಿಸಿ ನೋಡಿ. ಚುಕ್ಕಿ ಸತ್ತಿದ್ದರೆ ಬದಲಿಸಿ ಕೊಡುತ್ತಾರೆಯೇ ಎಂದು ಬಿಲ್ಲಿಗೆ ಮೊದಲೇ ಕೇಳಿ.

ನಾವು ಒಯ್ದದ್ದು ಅದೇ ಗೋವಿನಜೋಳದ ಮೂಲ ಫೋಟೊ. ಹೊಸ ಪರದೆಯಲ್ಲಿ ಹೊಲ ಒಣಗಿಯೇ ಇತ್ತು. ಅದನ್ನೇ ಕೊಂಡೆವು.