ಇಬ್ಬನಿಯ ರಾತ್ರಿಗಳೂ ನೆಲದ ಪಸೆಯೂ

ಏಣಿಲು ಕೊಯ್ಲು ಮುಗಿದು ಮಳೆಯು ಹಿಂದೆಗೆದ ಬಳಿಕ ಉಡುಪಿ, ಕಾಪು, ಕಾರ್ಕಳಗಳ ಗದ್ದೆಗಳಲ್ಲಿ ಪ್ರಾತಃಕಾಲ ಇಬ್ಬನಿಯು ದಟ್ಟವಾಗಿ ತೋರುವುದು. ಬೇಡದೆಯೇ ಗದ್ದೆಗೆ ನೀರು ದೊರೆಯಿತೆಂದು ಅನೇಕ ಹಿಡುವಳಿದಾರರು ಸಮಾಧಾನಪಡುವುದುಂಟು. ಈ ಸಮಾಧಾನವು ಪೂರ್ಣವಾಗಿ ಯುಕ್ತವಾದುದಲ್ಲ.

ಹಗಲಿನಲ್ಲಿ ಕಾದ ನೆಲವು ಮೋಡವಿಲ್ಲದ ರಾತ್ರಿಯಲ್ಲಿ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುವುದು. ಮೇಲ್ಮಣ್ಣು ತಣಿದರೂ ಒಳಮಣ್ಣು ಬೆಚ್ಚಗೇ ಉಳಿಯುವುದು. ಆಗ ಒಳಗಿನ ಪಸೆಯು ಆವಿಯಾಗಿ ತಣ್ಣನೆಯ ಕಡೆಗೆ ಏರಿ ಮೇಲ್ಗಡೆ ನೀರಾಗುವುದು. ಆದುದರಿಂದ ಹುಲ್ಲಿನ ಮೇಲಣ ಹನಿಗಳಲ್ಲಿ ಒಂದು ಪಾಲು ಗಾಳಿಯದಾದರೆ ಇನ್ನೊಂದು ಪಾಲು ಅದೇ ಗದ್ದೆಯ ಒಡಲಿನದು. ಬಿಸಿಲೇರಿದೊಡನೆ ಎರಡೂ ಆರಿಹೋಗುವುವು. ವರಮಾನವೆಂದೆಣಿಸಿದುದು ಕೆಲಮಟ್ಟಿಗೆ ಮೂಲಧನದ ವೆಚ್ಚವೇ ಆಗಿರುವುದು.

ಎಲೆಯ ಮೇಲೆ ಹಿಮ ಗಡ್ಡೆಕಟ್ಟುವ ನೀಲಗಿರಿಯಂತಹ ಸೀಮೆಗಳಲ್ಲಿ ನೆಲವನ್ನು ಬರಿದಾಗಿಯೂ ತೇವವಾಗಿಯೂ ಇಡಬೇಕೆಂಬ ಬೋಧೆಯುಂಟು. ಅಂತಹ ನೆಲವು ಹಗಲಿನ ಶಾಖವನ್ನು ಕೂಡಿಟ್ಟು ರಾತ್ರಿ ಪೈರಿಗೆ ಕೊಡುವುದು. ಒಣಹುಲ್ಲಿನ ಹೊದಿಕೆಯು ಆ ಶಾಖವನ್ನು ತಡೆಯುವುದು. ಹಿಂದೆ ಬಂಗಾಳದಲ್ಲಿ ಒಣಹುಲ್ಲಿನ ಮೇಲೆ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು ಚಳಿಗಾಲದ ರಾತ್ರಿಗಳಲ್ಲಿ ಮಂಜುಗಡ್ಡೆ ಮಾಡುತ್ತಿದ್ದುದು ಈ ನಿಯಮದಿಂದಲೇ. ಇಬ್ಬನಿಯ ಕುರಿತು 1814ರಲ್ಲಿ ಗ್ರಂಥ ಬರೆದ ಲಂಡನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸನು ಇದನ್ನು ವಿವರಿಸಿದ್ದಾನೆ.

ಆದರೆ ಆ ಬೋಧೆಯನ್ನು ಕರಾವಳಿಗೆ ಅನ್ವಯಿಸುವುದು ತಪ್ಪು. ಇಲ್ಲಿ ಹಿಮದ ಭಯವಿಲ್ಲ. ಪಸೆ ಕಳೆಯುವ ಭಯವೇ ದೊಡ್ಡದು. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುವುದು. ಮಣಿಪಾಲದ ಮುರಕಲ್ಲಿನ ಎತ್ತರದಲ್ಲಿ ಮಣ್ಣಿನ ಪದರವೇ ತೆಳು. ಆದುದರಿಂದ ಮಜಲು ಗದ್ದೆಯನ್ನು ಕೊಯ್ಲಾದೊಡನೆ, ಪಸೆಯಿರುವಾಗಲೇ, ಉತ್ತು ಉದ್ದು ಅಥವಾ ಹೆಸರನ್ನು ಬಿತ್ತಿ ಮೇಲ್ಮಣ್ಣನ್ನು ಹುಡಿಯಾಗಿಡುವುದು ಉತ್ತಮ. ಅಡಕೆ ತೋಟಕ್ಕೂ, 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಮಟ್ಟುಗುಳ್ಳದ ಸಾಲುಗಳಿಗೂ ತರಗೆಲೆಯ ಹೊದಿಕೆಯು ಹಿತಕರ.

ತರಗೆಲೆಯು ಹಟ್ಟಿಯ ಗೊಬ್ಬರಕ್ಕೆ ಬೇಕಲ್ಲವೇ ಎಂಬ ಆಕ್ಷೇಪಣೆಯು ನ್ಯಾಯವಾದುದೇ. ಆದರೆ ಗುಡ್ಡೆಯಲ್ಲಿ ಬೆಂಕಿಗೆ ಆಹುತಿಯಾಗುವ ಎಲೆಯನ್ನು ಉಳಿಸಿದರೆ ಎರಡಕ್ಕೂ ಒದಗೀತು. ಸಂದೇಹವುಳ್ಳವರು ಒಂದು ತಾಕಿನ ಅರ್ಧಕ್ಕೆ ಮಾತ್ರ ಹೊದಿಸಿ, ಹದಿನೈದು ದಿನಗಳ ಬಳಿಕ ಎರಡು ಕಡೆಯಲ್ಲಿಯೂ ಗೇಣಾಳ ಅಗೆದು, ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ನೋಡಲಿ. ಊರಿನ ಮುಖ್ಯಸ್ಥರು ಇದನ್ನು ಮೊದಲು ತಮ್ಮ ಗದ್ದೆಯಲ್ಲಿ ಮಾಡಿ ತೋರಿಸಿದರೆ ನೆರೆಹೊರೆಯವರಿಗೆ ಬೇರೆ ಉಪದೇಶ ಬೇಕಾಗದು.